25ಕ್ಕೆ ಇಟ್ಟು ಸುಮ್ನಿರಿ: ಆಟೋ ಎಸಿ ಜೊತೆ ಎರಡು ವರ್ಷ

ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು. ಎರಡು ವರ್ಷದ ಹಿಂದೆ ಹಳೆಯ ಕಾರು ಕೊಟ್ಟು ಇನ್ನೊಂದು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆವು. 2019ರ ಪೆಟ್ರೋಲ್ ಗಾಡಿ, ಒಬ್ಬರೇ ಓಡಿಸಿದ್ದು, ಟಯರ್ ಚೆನ್ನಾಗಿತ್ತು, ರೇಟೂ ಕುದುರಿತು. ಆಟೋ ಎಸಿ, ಅಂದರೆ ಡಿಗ್ರಿ ಇಟ್ಟರೆ ಉಳಿದದ್ದು ತಾನೇ ನೋಡಿಕೊಳ್ಳುವ ಎಸಿ, ಇದೆ ಅಂತ ಮಾರಿದವರು ಎರಡೆರಡು ಸಲ ಹೇಳಿದ್ದರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಎಸಿ ಅಂದರೆ ಎಸಿ, ತಣ್ಣಗಾದರೆ ಆಯ್ತು, ಅಲ್ವಾ? ಈಗ ಬರೆಯುತ್ತಿರುವುದು ಆ ಕಾರಿನ ಬಗ್ಗೆ ಅಲ್ಲ, ಅದರ ಎಸಿ ಬಗ್ಗೆ ಮಾತ್ರ. ಕಾರಿನ ಹೆಸರು ಹೇಳುವುದಿಲ್ಲ. ಯಾವ ಕಂಪೆನಿಯದ್ದಾದರೂ ಇದು ಹೆಚ್ಚು ಕಡಿಮೆ ಒಂದೇ ರೀತಿ ಕೆಲಸ ಮಾಡುತ್ತದೆ, ಬಟನ್ ಇರುವ ಜಾಗ ಬೇರೆ ಅಷ್ಟೆ.

ಮೊದಲ ಮೂರು ತಿಂಗಳು ನಾವು ಅದನ್ನು ಬಳಸಿದ ರೀತಿಯೇ ತಪ್ಪು. ನನ್ನ ಭಾವ ಮುಂದಿನ ಸೀಟಿನಲ್ಲಿ ಕೂತರೆ ಕೈ ಸುಮ್ನೆ ಇರುವುದಿಲ್ಲ. ಹತ್ತಿದ ಕೂಡಲೇ ಗುಂಡಿ ತಿರುಗಿಸಿ 'ಲೋ' ಮಾಡುವುದು, ಸೀತಾಂಗೋಳಿ ತಲಪುವಾಗ ಹಲ್ಲು ಕಟಕಟ ಅನ್ನುತ್ತದೆ ಅಂತ 29 ಮಾಡುವುದು, ಕುಂಬಳೆಯಲ್ಲಿ ಬೆವರಿ ಪುನಃ 'ಲೋ'. ಮೇಲಿಂದ ನನಗೇ ಬೈಗುಳ: "ಎಂತದು ಭಾವ ಇದು, ಒಂದೋ ಮಂಜುಗಡ್ಡೆ, ಇಲ್ಲದಿದ್ರೆ ಬಚ್ಚಲ ಒಲೆ."

'ಲೋ' ಅನ್ನುವುದು 18ರ ಕೆಳಗಿನ ಇನ್ನೊಂದು ಡಿಗ್ರಿ ಅಂತ ನಾವಿಬ್ಬರೂ ತಿಳಿದುಕೊಂಡಿದ್ದೆವು. ಅಲ್ಲ. ಅಲ್ಲಿಗೆ ಹೋದರೆ ಆಟೋ ಲೆಕ್ಕ ಹಾಕುವುದನ್ನೇ ಬಿಟ್ಟುಬಿಡುತ್ತದೆ. ಎಷ್ಟು ತಣ್ಣಗೆ ಮಾಡಲಿಕ್ಕಾಗುತ್ತದೋ ಅಷ್ಟು ಮಾಡು, ಫ್ಯಾನ್ ಪೂರ್ತಿ ಬಿಡು, ಅಷ್ಟೇ ಅದರ ಅರ್ಥ. 'ಹೈ' ಅಂದರೆ ಇದರ ಉಲ್ಟಾ. ಇನ್ನೊಂದು ನಂಬಿಕೆ, 'ಲೋ' ಇಟ್ಟರೆ ಬೇಗ ತಣ್ಣಗಾಗುತ್ತದೆ ಅನ್ನುವುದು. ಬಿಸಿಲಲ್ಲಿ ನಿಂತು ಕಾದ ಕಾರಿಗೆ 25 ಇಟ್ಟರೂ ಶುರುವಿಗೆ ಅದು ಪೂರ್ತಿ ಜೋರಿನಲ್ಲೇ ಓಡುತ್ತದೆ. ಒಳಗೆ 50 ಡಿಗ್ರಿ ಇರುವಾಗ ನೀವು ಕೇಳಿದ್ದು 25 ಆದರೇನು, 18 ಆದರೇನು.

ಇದೇನು ಹೊಸ ವಿದ್ಯೆಯೂ ಅಲ್ಲ. ಅಮೆರಿಕದ ಪ್ಯಾಕಾರ್ಡ್ ಕಂಪೆನಿ 1940ರ ಮಾಡೆಲ್‌ನಲ್ಲಿ ಮೊದಲ ಸಲ ಕಾರಿನೊಂದಿಗೇ ಎಸಿ ಕೂಡಿಸಿ ಕೊಟ್ಟಾಗ, ಅದನ್ನು ಬಂದ್ ಮಾಡಲು ಇಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಕಂಪ್ರೆಸರಿನ ಬೆಲ್ಟ್ ಕಳಚಬೇಕಿತ್ತು. ಡಿಗ್ರಿ ಇಟ್ಟರೆ ಉಳಿದದ್ದು ತಾನೇ ನೋಡಿಕೊಳ್ಳುವ ಎಸಿ ಕ್ಯಾಡಿಲಾಕ್‌ನಲ್ಲಿ 1964ರ ಮಾಡೆಲ್‌ಗೇ ಬಂತು. ನಮ್ಮ ಭಾವ ಆ ಪ್ಯಾಕಾರ್ಡ್‌ನಲ್ಲಿ ಕೂತಿದ್ದರೆ ಕುಂಬಳೆ ಮುಟ್ಟುವ ಮೊದಲು ನಾಲ್ಕು ಸಲ ಬಾನೆಟ್ ಎತ್ತಬೇಕಿತ್ತು.

ಸರಿ, ಆಟೋ ಒತ್ತಿದರೆ ಒಳಗೆ ನಡೆಯುವುದೇನು? ತಣ್ಣಗೆ ಮಾಡುವ ಭಾಗ ಸಾದಾ ಎಸಿಯಲ್ಲಿ ಇರುವಂಥದ್ದೇ. ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ, ಮುಂದೆ ರೇಡಿಯೇಟರ್ ಹತ್ತಿರ ಇರುವ ಕಂಡೆನ್ಸರಿನಲ್ಲಿ ಅದು ಬಿಸಿ ಬಿಟ್ಟು ದ್ರವವಾಗುತ್ತದೆ, ಆಮೇಲೆ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ತೂತು ದಾಟಿ ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲ್‌ಗೆ ಬಂದು ಆವಿಯಾಗುವಾಗ ಅಲ್ಲಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಫ್ಯಾನಿನ ಗಾಳಿ ಆ ಕಾಯಿಲ್ ದಾಟಿ ನಮ್ಮ ಮುಖಕ್ಕೆ ಬರುತ್ತದೆ. ಗಾಳಿಯ ಪಸೆ ಅಲ್ಲೇ ನೀರಾಗಿ ಕಾರಿನಡಿ ತೊಟ್ಟಿಕ್ಕುತ್ತದೆ. ಅಮ್ಮ ಮೊದಲ ದಿನ ಅಂಗಳದಲ್ಲಿ ಆ ನೀರು ನೋಡಿ ಕಾರು ಸೋರುತ್ತಿದೆ ಅಂತ ಗಾಬರಿಯಾಗಿದ್ದರು. ಅದು ಸೋರಬೇಕು. ಸೋರದಿದ್ದರೆ ಪೈಪು ಕಟ್ಟಿಕೊಂಡಿದೆ ಅಂತ ಲೆಕ್ಕ, ನೀರು ಒಳಗಿನ ಮ್ಯಾಟಿಗೆ ಬರುತ್ತದೆ.

ಆಟೋ ಅನ್ನುವುದು ಇದರ ಮೇಲೆ ಕೂತ ಯಜಮಾನ. ಅವನಿಗೆ ಸುದ್ದಿ ಮುಟ್ಟಿಸುವವರು ನಾಲ್ಕೈದು ಜನ. ಮುಂದಿನ ಬಂಪರ್ ಹತ್ತಿರ ಒಂದು ಸೆನ್ಸರ್, ಹೊರಗಿನ ಸೆಕೆ ಎಷ್ಟು ಅಂತ ಹೇಳಲಿಕ್ಕೆ. ಸ್ಟಿಯರಿಂಗ್ ಪಕ್ಕದಲ್ಲೋ ಎಸಿ ಪ್ಯಾನಲ್ ಹತ್ತಿರವೋ ಒಂದು ಪುಟ್ಟ ಜಾಲರಿ ಇರುತ್ತದೆ, ಹೆಚ್ಚಿನವರು ಅದನ್ನು ಮೈಕ್ ಅಂದುಕೊಂಡಿರುತ್ತಾರೆ. ಅದರ ಹಿಂದೆ ಒಳಗಿನ ಗಾಳಿಯ ಬಿಸಿ ಅಳೆಯುವ ಸೆನ್ಸರ್. ಸುಮ್ನೆ ಕೂತರೆ ಅದಕ್ಕೆ ಡ್ಯಾಶ್‌ಬೋರ್ಡಿನ ಬಿಸಿ ಮಾತ್ರ ಗೊತ್ತಾದೀತು ಅಂತ ಒಂದು ಸಣ್ಣ ಟ್ಯೂಬಿನಿಂದಲೋ ಪುಟ್ಟ ಫ್ಯಾನಿನಿಂದಲೋ ಕಾರಿನೊಳಗಿನ ಗಾಳಿಯನ್ನು ಅದರ ಮೇಲೆ ಎಳೆಯುತ್ತಾ ಇರುತ್ತಾರೆ. ಈ ಜಾಲರಿಯನ್ನು ನೆನಪಿಡಿ, ನನ್ನ ಕಥೆ ಇರುವುದೇ ಅಲ್ಲಿ. ಇನ್ನೊಂದು, ಡ್ಯಾಶ್‌ಬೋರ್ಡಿನ ಮೇಲೆ ಗಾಜಿನ ಬುಡದಲ್ಲಿ ಕಪ್ಪು ಗುಳ್ಳೆಯಂಥ ಸೆನ್ಸರ್. ಅದು ನೋಡುವುದು ಬಿಸಿಲನ್ನು. ಯಾಕೆಂದರೆ ಗಾಳಿ 25ರಲ್ಲೇ ಇದ್ದರೂ ಗಾಜಿನಿಂದ ಬಿಸಿಲು ತೊಡೆ ಮೇಲೆ ಬಿದ್ದರೆ ನಮಗೆ ಸೆಕೆಯೇ. ಕೂಲಿಂಗ್ ಕಾಯಿಲ್ ಬಳಿಯೂ ಒಂದಿದೆ, ಕಾಯಿಲ್ ಸೊನ್ನೆ ಡಿಗ್ರಿಗೆ ಇಳಿದು ಪಸೆ ಮಂಜುಗಡ್ಡೆ ಕಟ್ಟಿ ಗಾಳಿಯ ದಾರಿ ಮುಚ್ಚದ ಹಾಗೆ ಕಾಯಲಿಕ್ಕೆ. ಇಂಜಿನಿನ ಕೂಲೆಂಟ್ (ಇಂಜಿನನ್ನು ತಣ್ಣಗಿಡುವ ನೀರು) ಎಷ್ಟು ಬಿಸಿ ಇದೆ ಅನ್ನುವುದೂ ಯಜಮಾನನಿಗೆ ಬೇಕು.

ಇಷ್ಟೂ ಕೂಡಿಸಿ, ನೀವು ಇಟ್ಟ ಡಿಗ್ರಿಗೆ ಬರಬೇಕಾದರೆ ಈಗ ಕಿಂಡಿಯಿಂದ ಎಷ್ಟು ಡಿಗ್ರಿಯ ಗಾಳಿ ಬಿಡಬೇಕು ಅಂತ ಅದು ಲೆಕ್ಕ ಹಾಕುತ್ತದೆ. ಆಮೇಲಿನ ಕೆಲಸ ನಮ್ಮ ಬಚ್ಚಲಿನದ್ದೇ. ಹಂಡೆಯ ಬಿಸಿನೀರಿಗೆ ತಣ್ಣೀರು ಹೊಯ್ದು ಹದ ಮಾಡುವುದಿಲ್ಲವಾ, ಹಾಗೆ. ಕೂಲಿಂಗ್ ಕಾಯಿಲ್ ದಾಟಿ ಬಂದ ತಣ್ಣನೆ ಗಾಳಿ, ಇಂಜಿನಿನ ಬಿಸಿನೀರು ಹರಿಯುವ ಹೀಟರ್ ದಾಟಿ ಬಂದ ಬಿಸಿ ಗಾಳಿ, ಎರಡರ ಮಧ್ಯೆ ಒಂದು ಪ್ಲಾಸ್ಟಿಕ್ ಬಾಗಿಲು. ಆ ಬಾಗಿಲನ್ನು ಪುಟ್ಟ ಮೋಟರ್ ತಿರುಗಿಸುತ್ತದೆ. ಮುಖಕ್ಕೋ ಕಾಲಿಗೋ ಗಾಜಿಗೋ ಅನ್ನಲು ಬೇರೆ ಬಾಗಿಲು, ಹೊರಗಿನ ಗಾಳಿಯೋ ಒಳಗಿನದ್ದೋ ಅನ್ನಲು ಇನ್ನೊಂದು. ಸಾದಾ ಎಸಿಯಲ್ಲೂ ಹೆಚ್ಚಾಗಿ ಇದೇ ಬಾಗಿಲುಗಳು ಇರುತ್ತವೆ, ತಿರುಗಿಸುವುದು ನಮ್ಮ ಕೈ, ಹದ ನೋಡುವುದು ನಮ್ಮ ಚರ್ಮ.

ಇದು ಗೊತ್ತಾದ ಮೇಲೆ ಭಾವನಿಗೆ ಒಂದು ಶರತ್ತು ಹಾಕಿದೆ. 25 ಇಟ್ಟು ಆಟೋ ಒತ್ತುವುದು, ಮಂಗಳೂರು ಮುಟ್ಟುವವರೆಗೆ ಯಾರೂ ಕೈ ಹಾಕುವಂತಿಲ್ಲ. ಮಾರ್ಚ್ ತಿಂಗಳು, ಮಧ್ಯಾಹ್ನ ಹನ್ನೆರಡು ಗಂಟೆ, ಕಾರು ಎರಡು ಗಂಟೆ ಬಿಸಿಲಲ್ಲಿ ನಿಂತಿತ್ತು. ಮೊದಲು ನಾಲ್ಕೂ ಕಿಟಕಿ ತೆಗೆದು ಅರ್ಧ ಕಿಲೋಮೀಟರ್ ಓಡಿಸಿ ಕಾದ ಗಾಳಿಯನ್ನು ಹೊರಗೆ ಹಾಕಿದೆವು. ಇದನ್ನು ಯಾವ ಆಟೋವೂ ನಿಮಗಾಗಿ ಮಾಡಿಕೊಡುವುದಿಲ್ಲ, ಆದರೆ ಇದರಷ್ಟು ಉಪಕಾರದ ಕೆಲಸ ಬೇರೆ ಇಲ್ಲ. ಆಮೇಲೆ ಕಿಟಕಿ ಹಾಕಿದ್ದೇ ಫ್ಯಾನ್ ಭೋರ್ ಅಂತ ಎದ್ದಿತು, ಒಳಗಿನ ಗಾಳಿಯನ್ನೇ ತಿರುಗಿಸಿ ತಣ್ಣಗೆ ಮಾಡಲು ಶುರು ಮಾಡಿತು. ಹತ್ತು ನಿಮಿಷದಲ್ಲಿ ಫ್ಯಾನಿನ ಸದ್ದು ತಾನಾಗಿ ಇಳಿಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಹೊರಗಿನ ಗಾಳಿಯ ಬಾಗಿಲೂ ತಾನಾಗಿ ತೆರೆಯಿತು. ಉಪ್ಪಳ, ಹೊಸಂಗಡಿ, ತಲಪಾಡಿ ದಾಟಿದರೂ ಎಸಿ ಇದೆ ಅನ್ನುವುದೇ ನೆನಪಿಲ್ಲ. ಭಾವ ತೊಕ್ಕೊಟ್ಟಿನ ಹತ್ತಿರ ಹೇಳಿದ್ದು ಒಂದೇ ಮಾತು, "ನಿದ್ದೆ ಬಂದದ್ದೇ ಗೊತ್ತಾಗ್ಲಿಲ್ಲ."

ಆದರೆ ಕಾಸರಗೋಡಿನವರಿಗೆ ಇದರ ನಿಜವಾದ ಬೆಲೆ ಗೊತ್ತಾಗುವುದು ಬೇಸಗೆಯಲ್ಲಲ್ಲ, ಮಳೆಗಾಲದಲ್ಲಿ. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ ನಮ್ಮದು. ಜುಲೈಯಲ್ಲಿ ನಾಲ್ಕು ಜನ ಒದ್ದೆ ಕೊಡೆ, ಒದ್ದೆ ಚಪ್ಪಲಿ ಸಮೇತ ಹತ್ತಿದರೆ ಎರಡೇ ನಿಮಿಷದಲ್ಲಿ ಮುಂದಿನ ಗಾಜು ಮಬ್ಬು. ಹಳೆ ಕಾರಿನಲ್ಲಿ ನಾನು ಬೈರಾಸಿನಲ್ಲಿ (ಟವೆಲ್) ಒರೆಸುತ್ತಾ ಒರೆಸುತ್ತಾ ಓಡಿಸಿದವ. ಚಳಿಯಾಗುತ್ತದೆ ಅಂತ ಎಸಿ ಬಂದ್ ಮಾಡಿ, ಮಳೆ ಅಂತ ಕಿಟಕಿ ಮುಚ್ಚಿ, ಹೊರಗಿನ ಗಾಳಿಯನ್ನೂ ನಿಲ್ಲಿಸಿ, ಆಮೇಲೆ ಗಾಜನ್ನು ಬೈಯುವುದು.

ಮಬ್ಬು ಒಳಗೋ ಹೊರಗೋ ಅಂತ ಮೊದಲು ನೋಡಬೇಕು, ಬೆರಳಲ್ಲಿ ಒಮ್ಮೆ ಗೀರಿದರೆ ಗೊತ್ತಾಗುತ್ತದೆ. ಒಳಗಿನದ್ದು ನಮ್ಮ ಉಸಿರಿನ, ಒದ್ದೆ ಬಟ್ಟೆಯ ಪಸೆ. ಅದಕ್ಕೆ ಎಸಿ ಬೇಕೇ ಬೇಕು, ತಣ್ಣಗೆ ಮಾಡಲಿಕ್ಕಲ್ಲ, ಗಾಳಿ ಒಣಗಿಸಲಿಕ್ಕೆ. ಆಟೋ ಎಸಿಯ ಚಂದ ಇಲ್ಲಿದೆ: ಕಾಯಿಲ್‌ನಲ್ಲಿ ಗಾಳಿಯ ನೀರು ತೆಗೆದು, ಅದೇ ಗಾಳಿಯನ್ನು ಹೀಟರಿನ ಹತ್ತಿರ ಹಾಯಿಸಿ ಬೆಚ್ಚಗೆ ಮಾಡಿ ಕೊಡುತ್ತದೆ. 26 ಇಟ್ಟರೆ ಹೊರಗೆ ಧೋ ಅಂತ ಸುರಿಯುತ್ತಿದ್ದರೂ ಒಳಗೆ ಒಣ ಗಾಳಿ, ಚಳಿಯೂ ಇಲ್ಲ. ಮುಂದಿನ ಗಾಜಿನ ಚಿತ್ರ ಇರುವ ಬಟನ್ ಒತ್ತಿದರೆ ಹೆಚ್ಚಿನ ಕಾರುಗಳಲ್ಲಿ ಎಸಿ, ಹೊರಗಿನ ಗಾಳಿ, ಜೋರು ಫ್ಯಾನ್ ಮೂರೂ ಒಟ್ಟಿಗೆ ಬರುತ್ತದೆ. ಹೊರಗಿನ ಮಬ್ಬು ಬೇರೆ ಕಥೆ. ಗಾಜು ಒಳಗಿನಿಂದ ತುಂಬಾ ತಣ್ಣಗಾದಾಗ ಹೊರಗಿನ ಪಸೆ ಅದಕ್ಕೆ ಹಿಡಿಯುತ್ತದೆ, ಮಜ್ಜಿಗೆ ಲೋಟಕ್ಕೆ ಬೆವರು ಬಂದ ಹಾಗೆ. ಅದಕ್ಕೆ ವೈಪರ್ ಒಮ್ಮೆ ಆಡಿಸಿ, ಡಿಗ್ರಿ ಎರಡು ಏರಿಸಿದರೆ ಸರಿ. ಆಗ 'ಲೋ' ಮಾಡಿ ಗಾಜಿಗೆ ಗಾಳಿ ಬಿಟ್ಟರೆ ಇನ್ನೂ ಜಾಸ್ತಿಯಾಗುತ್ತದೆ. ಮೊದಲ ಮಳೆಗಾಲ ನಾನು ಮಾಡಿದ್ದು ಅದನ್ನೇ.

ಡಿಸೆಂಬರಿನಲ್ಲಿ ಮುಳ್ಳೇರಿಯ, ಜಾಲ್ಸೂರು, ಸುಳ್ಯ ದಾರಿಯಾಗಿ ಮಡಿಕೇರಿಗೆ ಹೋಗಿದ್ದೆವು. ಡಿಗ್ರಿ ಅದೇ 25, ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಸ್ಟಾರ್ಟ್ ಮಾಡಿದರೆ ಫ್ಯಾನೇ ಇಲ್ಲ. ಕೆಟ್ಟಿತು ಅಂದುಕೊಂಡೆ. ಐದು ನಿಮಿಷ ಕಳೆದ ಮೇಲೆ ಕಾಲಿನ ಹತ್ತಿರ ಮೆಲ್ಲ ಬೆಚ್ಚನೆ ಗಾಳಿ. ಕೂಲೆಂಟ್ ಬಿಸಿಯಾಗುವವರೆಗೆ ಸುಮ್ನೆ ತಣ್ಣನೆ ಗಾಳಿ ಊದುವುದು ಬೇಡ ಅಂತ ಅದು ಕಾದದ್ದು. ಹೀಟರ್ ಬಿಸಿ ಹೇಗೂ ಇಂಜಿನಿನಿಂದ ವ್ಯರ್ಥವಾಗಿ ಹೋಗುವಂಥದ್ದು, ಅದಕ್ಕೆ ಬೇರೆ ಪೆಟ್ರೋಲ್ ಬೇಡ. ಅಪ್ಪನಿಗೆ ಇದು ಬಹಳ ಹಿಡಿಸಿತು. ಉಳಿತಾಯದ ಮಾತು ಬಂದರೆ ಅವರಿಗೆ ಯಾವ ಯಂತ್ರವೂ ಹಿಡಿಸುತ್ತದೆ.

ಇನ್ನು ದೂರು. ಒಂದು ವರ್ಷ ಆದಾಗ ಎಸಿ ಹುಚ್ಚು ಹಿಡಿದ ಹಾಗೆ ಆಡಿತು. 25 ಇಟ್ಟರೆ ಫ್ಯಾನ್ ಇಳಿಯುವುದೇ ಇಲ್ಲ, ಅರ್ಧ ಗಂಟೆ ಆದರೂ ಮಂಜಿನಂಥ ಗಾಳಿ, 28 ಮಾಡಿದರೂ ಅದೇ. ಒಂದು ಸರ್ವಿಸ್ ಸೆಂಟರಿಗೆ ಒಯ್ದೆ. ಮೊದಲು ಗ್ಯಾಸ್ ತುಂಬಿಸಬೇಕು ಅಂದರು. ತಣ್ಣಗೆ ಜಾಸ್ತಿಯಾಗಿದೆ ಅಂತ ನಾನು ಹೇಳುತ್ತಿದ್ದೇನೆ, ಅವರು ಗ್ಯಾಸ್ ಕಡಿಮೆ ಅನ್ನುತ್ತಿದ್ದಾರೆ! ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಿಲ್ಲ ಮಾರಾಯ್ರೆ, ಅದು ಒಳಗೇ ಸುತ್ತುತ್ತಾ ಇರುವಂಥದ್ದು. ನಿಜವಾಗಿ ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ, ಸೋರುವ ಜಾಗ ಹುಡುಕದೆ ತುಂಬಿಸಿದರೆ ತೂತು ಕೊಡಪಾನಕ್ಕೆ ನೀರು ಹೊಯ್ದ ಹಾಗೆ. ವಾದ ಮಾಡಿದ ಮೇಲೆ ಎಸಿ ಕಂಟ್ರೋಲ್ ಪ್ಯಾನಲ್ ಪೂರ್ತಿ ಬದಲಿಸಬೇಕು, 14 ಸಾವಿರ ಅಂದರು. ಕಾರು ವಾಪಸು ತಂದೆ.

ಕಾಸರಗೋಡು ಪೇಟೆಯಲ್ಲಿ ಕಾರಿನ ಎಸಿ ಕೆಲಸ ಮಾತ್ರ ಮಾಡುವ ಒಂದು ಸಣ್ಣ ಅಂಗಡಿ ಇದೆ ಅಂತ ನೆರೆಯವರು ಹೇಳಿದರು. ಎರಡು ಕಾರು ನಿಲ್ಲುವಷ್ಟು ಜಾಗ, ಒಬ್ಬ ಮೇಸ್ತ್ರಿ, ಒಬ್ಬ ಹುಡುಗ. ಮೇಸ್ತ್ರಿ ಅರ್ಧ ಮಲಯಾಳ, ಕಾಲು ತುಳು, ಕಾಲು ಕನ್ನಡದಲ್ಲಿ ಮಾತಾಡುತ್ತಾರೆ. ಅವರು ಗ್ಯಾಸ್ ಮೀಟರ್ ಮುಟ್ಟಲೇ ಇಲ್ಲ. ಬೀಡಿ ಎಳೆಯುವಷ್ಟು ಹೊತ್ತು ಕಾರಿನೊಳಗೆ ಸುಮ್ನೆ ಕೂತರು. ಆಮೇಲೆ ತೆಳ್ಳಗಿನ ಟಿಶ್ಯೂ ಕಾಗದದ ಒಂದು ಚೂರು ಹರಿದು ಸ್ಟಿಯರಿಂಗ್ ಪಕ್ಕದ ಆ ಜಾಲರಿಗೆ ಹಿಡಿದರು. ಕಾಗದ ಅಂಟಬೇಕು, ಬಿದ್ದುಹೋಯಿತು. "ಇದು ಉಸಿರು ಎಳೀತಾ ಇಲ್ಲ ಸಾರ್. ಮನೇಲಿ ಅಡಿಕೆ ಉಂಟಾ?" ಅಂತ ಕೇಳಿದರು.

ಉಂಟು. ಕಾರು ನಿಲ್ಲಿಸುವುದು ಅಂಗಳದ ಬದಿಯಲ್ಲಿ, ಪಕ್ಕದಲ್ಲೇ ಅಡಿಕೆ ಸುಲಿಯುವ ಮೆಷಿನ್. ಆ ಸಿಪ್ಪೆಯ ಧೂಳು, ಮೇಲಿಂದ ಹೆದ್ದಾರಿ ಅಗಲ ಮಾಡುವಾಗ ವರ್ಷಗಟ್ಟಲೆ ಕುಡಿದ ಕೆಂಪು ಮಣ್ಣು. ಜಾಲರಿ ಕಳಚಿದರೆ ಹಿಂದೆ ನಾರು ನಾರು ಧೂಳಿನ ಮುದ್ದೆ. ಸೆನ್ಸರಿಗೆ ಕಾರಿನ ಗಾಳಿ ಸಿಗುತ್ತಿರಲಿಲ್ಲ, ಡ್ಯಾಶ್‌ಬೋರ್ಡಿನ ಒಳಗಿನ ಬಿಸಿ ಮಾತ್ರ ಸಿಗುತ್ತಿತ್ತು. ಒಳಗೆ ಇನ್ನೂ 33 ಇದೆ ಅಂತ ಅದು ಹೇಳುತ್ತಿದ್ದರೆ ಯಜಮಾನ ಪಾಪ ಏನು ಮಾಡಿಯಾನು, ಇನ್ನೂ ಊದುತ್ತಾನೆ. ಬ್ರಷ್ ಹಾಕಿ ತೆಗೆದು, ಟ್ಯೂಬಿಗೆ ಗಾಳಿ ಹೊಡೆದು, ಗ್ಲೋವ್ ಬಾಕ್ಸಿನ ಹಿಂದಿನ ಎಸಿ ಫಿಲ್ಟರ್ ಎಳೆದು ತೋರಿಸಿದರು. ಬಿಳಿ ಇರಬೇಕಾದದ್ದು ಕಾಫಿ ಬಣ್ಣ. ಹೊಸ ಫಿಲ್ಟರ್ ಸೇರಿ ಒಟ್ಟು 650 ರೂಪಾಯಿ.

ಅವರೇ ಇನ್ನೊಂದು ಹೇಳಿದರು, ಕೇಳಿ ನಾಚಿಕೆಯಾಯಿತು. ಮುಂದಿನ ಗಾಜಿನ ಬುಡದಲ್ಲಿ ನಾನು ಯಾವಾಗಲೂ ಒಂದು ಬೈರಾಸು ಮಡಚಿ ಇಡುತ್ತೇನೆ, ಹಳೆ ಕಾರಿನ ಅಭ್ಯಾಸ. ಅದು ಸರಿಯಾಗಿ ಬಿಸಿಲಿನ ಸೆನ್ಸರ್ ಮೇಲೆ ಕೂತಿತ್ತು. ಕಾರಿಗೆ ಒಂದು ವರ್ಷದಿಂದ ಮಧ್ಯಾಹ್ನವೇ ಆಗಿರಲಿಲ್ಲ. ಅಲ್ಲಿ ಗಣಪತಿ ಮೂರ್ತಿ, ಮಧೂರಿನ ಪ್ರಸಾದದ ಹೂ, ಟೋಲ್ ಚೀಟಿ ಇಡುವವರೆಲ್ಲ ಒಮ್ಮೆ ಎತ್ತಿ ನೋಡಿ.

ಮೇಸ್ತ್ರಿ ತೋರಿಸಿದ ಒಂದು ಕಿವಿಮಾತು ಟೊಯೋಟಾದವರಿಗೆ ಉಪಯೋಗಕ್ಕೆ ಬಂದೀತು. ಅದರ ಹಲವು ಮಾಡೆಲ್‌ಗಳಲ್ಲಿ ಆಟೋ ಬಟನ್ ಮತ್ತು ಒಳಗಿನ ಗಾಳಿಯ ಬಟನ್ ಎರಡನ್ನೂ ಒತ್ತಿ ಹಿಡಿದು ಕೀ ಆನ್ ಮಾಡಿದರೆ ಎಸಿ ತನ್ನನ್ನು ತಾನೇ ಪರೀಕ್ಷೆ ಮಾಡಿ ನಂಬರ್ ತೋರಿಸುತ್ತದೆ. 11 ಬಂದರೆ ಒಳಗಿನ ಸೆನ್ಸರ್, 12 ಹೊರಗಿನದ್ದು, 13 ಕಾಯಿಲ್‌ನದ್ದು, 21 ಬಿಸಿಲಿನದ್ದು. ಶೆಡ್ಡಿನ ಕತ್ತಲಲ್ಲಿ ನೋಡಿದರೆ 21 ಬಂದೇ ಬರುತ್ತದೆ, ಬಿಸಿಲೇ ಇಲ್ಲವಲ್ಲ. ಅದನ್ನು ನೋಡಿ ಸೆನ್ಸರ್ ಬದಲಿಸಲು ಹೊರಡಬೇಡಿ, ಕಾರನ್ನು ಅಂಗಳಕ್ಕೆ ತಂದು ಇನ್ನೊಮ್ಮೆ ನೋಡಿ. ಆದರೆ ಧೂಳು ಕೂತದ್ದು ಈ ನಂಬರಿಗೆ ಸಿಗುವುದಿಲ್ಲ. ಸೆನ್ಸರ್ ಸರಿಯಾಗಿಯೇ ಅಳೆಯುತ್ತಿರುತ್ತದೆ, ಅಳೆಯುವ ಗಾಳಿ ಮಾತ್ರ ಬೇರೆ. ಅದಕ್ಕೆ ಕಾಗದದ ಚೂರೇ ಮದ್ದು.

ಇಷ್ಟವಾಗದ್ದೂ ಇದೆ. ಒಂದು, ನಡುವೆ ಫ್ಯಾನ್ ಬಟನ್ ಮುಟ್ಟಿದರೆ ಆಟೋ ಅನ್ನುವ ಅಕ್ಷರ ಮಾಯ, ಆಮೇಲೆ ಫ್ಯಾನ್ ಅಲ್ಲೇ ನಿಲ್ಲುತ್ತದೆ. ಯಾರೋ ಮುಟ್ಟಿರುತ್ತಾರೆ (ಭಾವ), ನಮಗೆ ಗೊತ್ತೇ ಇರುವುದಿಲ್ಲ. ಎರಡು, ಹಿಂದಿನ ಸೀಟು. ಸೆನ್ಸರ್ ಇರುವುದು ಮುಂದೆ, ನಮ್ಮ ಕಾರಿನಲ್ಲಿ ಹಿಂದೆ ಗಾಳಿಯ ಕಿಂಡಿ ಬೇರೆ ಇಲ್ಲ. ಮುಂದಿನವರಿಗೆ 25 ಆದಾಗ ಫ್ಯಾನ್ ಮೆಲ್ಲಗಾಗುತ್ತದೆ, ಹಿಂದೆ ಮೂರು ಜನ ಒತ್ತಿ ಕೂತವರಿಗೆ ಇನ್ನೂ ಸೆಕೆ. ಮದುವೆ ಸೀಸನಿನಲ್ಲಿ ರೇಷ್ಮೆ ಸೀರೆಯವರ ಜೊತೆ ಹೋಗುವಾಗ 22 ಇಡುತ್ತೇನೆ. ಮೂರು, ಹೊರಗಿನ ಡಿಗ್ರಿ ತೋರಿಸುವ ಅಂಕೆಯನ್ನು ನಂಬಬೇಡಿ. ಇಂಜಿನ್ ಬಿಸಿ ಇರುವಾಗ ಕಾರು ನಿಲ್ಲಿಸಿ ಪುನಃ ಸ್ಟಾರ್ಟ್ ಮಾಡಿದರೆ ಬಂಪರ್ ಹತ್ತಿರದ ಸೆನ್ಸರ್ ಕಾದಿರುತ್ತದೆ, 43 ತೋರಿಸುತ್ತದೆ. ಭಾವ ಅದರ ಫೋಟೋ ತೆಗೆದು ಕುಟುಂಬದ ಗ್ರೂಪಿಗೆ ಹಾಕಿ ಕಾಸರಗೋಡು ಉರಿಯುತ್ತಿದೆ ಅಂತ ಬರೆದಿದ್ದರು. ನಾಲ್ಕು ಕಿಲೋಮೀಟರ್ ಓಡಿದ ಮೇಲೆ 34.

ಮಳೆಗಾಲದಲ್ಲಿ ಹಳಸಲು ವಾಸನೆ ಬರುವುದು ಆಟೋದಲ್ಲೂ ತಪ್ಪುವುದಿಲ್ಲ. ಒದ್ದೆ ಕಾಯಿಲ್‌ಗೆ ಬೂಸಲು ಹಿಡಿಯುತ್ತದೆ. ಮನೆ ಮುಟ್ಟುವ ಮೂರು ನಾಲ್ಕು ನಿಮಿಷ ಮೊದಲು ಎಸಿ ಬಟನ್ ಮಾತ್ರ ಬಂದ್ ಮಾಡಿ ಫ್ಯಾನ್ ಓಡಲು ಬಿಟ್ಟರೆ ಒಣಗುತ್ತದೆ. ನಮಗೆ ಪೆರಡಾಲ ಬಂದಾಗ ಬಂದ್ ಮಾಡುವುದು ಅಂತ ಲೆಕ್ಕ. ಮತ್ತೆ, ಇಂಜಿನ್ ಓಡಿಸಿ, ಗಾಜು ಮುಚ್ಚಿ, ಎಸಿ ಹಾಕಿ ನಿಂತ ಕಾರಿನಲ್ಲಿ ಮಲಗುವುದು ಬೇಡವೇ ಬೇಡ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಒಳಗೆ ಬಂದರೆ ವಾಸನೆಯೂ ಗೊತ್ತಾಗದೆ ಪ್ರಾಣ ಹೋದೀತು.

ಹೊಸ ಕಾರು ತೆಗೆಯುವವರು ಕೇಳಿದರೆ ನನ್ನ ಅಭಿಪ್ರಾಯ ಇದು. ಆಟೋ ಎಸಿಗಾಗಿಯೇ ಒಂದು ಲಕ್ಷ ಜಾಸ್ತಿ ಕೊಟ್ಟು ಮೇಲಿನ ಮಾಡೆಲ್‌ಗೆ ಹೋಗುವುದಾದರೆ ಎರಡು ಸಲ ಯೋಚನೆ ಮಾಡಿ, ದಿನಾ ಪೇಟೆಗೆ ಐದು ಕಿಲೋಮೀಟರ್ ಹೋಗಿ ಬರುವವರಿಗೆ ಅದು ಹದಕ್ಕೆ ಬರುವ ಮೊದಲೇ ಮನೆ ಬಂದಿರುತ್ತದೆ. ಮಂಗಳೂರು, ಪುತ್ತೂರು ಅಂತ ದೂರ ಓಡುವವರಿಗೆ, ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಖಂಡಿತ ಬೇಕು. ತೆಗೆಯುವಾಗ ಕೈಗೆ ಸಿಗುವ ಗುಂಡಿ ಇದೆಯಾ ನೋಡಿ. ಕೆಲವು ಹೊಸ ಕಾರುಗಳಲ್ಲಿ ಎಲ್ಲವನ್ನೂ ಟಚ್ ಸ್ಕ್ರೀನಿಗೆ ಹಾಕಿದ್ದಾರೆ, ಮಳೆಯಲ್ಲಿ ಗಾಜು ಮಬ್ಬಾದಾಗ ರಸ್ತೆ ಬಿಟ್ಟು ಸ್ಕ್ರೀನ್ ನೋಡಬೇಕು, ಅದೆಂಥ ಬುದ್ಧಿಯೋ.

ಆಟೋ ಎಸಿಗೆ ಐದರಲ್ಲಿ ನಾಲ್ಕು ಸ್ಟಾರ್. ಮೇಸ್ತ್ರಿಯ ಅಂಗಡಿಗೆ ಐದು. ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಹತ್ತು ಗಂಟೆ ಆದರೆ ರಸ್ತೆಯಲ್ಲಿ ಕಾಯಬೇಕು, ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬಾಗಿಲು ಹಾಕಿರುತ್ತಾರೆ, ಮತ್ತೆ ಗೂಗಲ್ ಪೇ ಉಂಟು.